ಒಂದೇ ಅಳತೆಯ ನಲ್ಲಿ

ಇನ್ನಾಸಪ್ಪನವರು ಮೈಸೂರಿನಲ್ಲಿ ಇಪ್ಪತ್ತು ವರ್ಷ ಕೊಳಾಯಿ ಫಿಟ್ಟರಾಗಿದ್ದವರು. ೧೯೨೬ರಲ್ಲಿ ಊರಿನ ನಲ್ಲಿಗಳಿಗೆಲ್ಲ ತಿರುಪಿನ ಅಳತೆ ಒಂದೇ ಇರಲೆಂದು ಪುರಸಭೆಯವರು ಒಂದು ಸಮಿತಿ ಮಾಡಿದಾಗ, ಕೆಲಸ ಬಲ್ಲವರೆಂದು ಅವರನ್ನೂ ಸೇರಿಸಿಕೊಂಡರು. ಉಳಿದ ನಾಲ್ವರಲ್ಲಿ ಇಬ್ಬರು ಮದರಾಸಿನ ನಲ್ಲಿ ಕಂಪನಿಯ ಕಡೆಯವರು. ನಿಯಮದ ಕರಡು ಬರೆದು ತಂದವರೂ ಅವರೇ.

ಅದರಲ್ಲಿದ್ದದ್ದು ಆ ಕಂಪನಿಯ ನಲ್ಲಿಯ ಅಳತೆಯೇ ಎಂದು ಇನ್ನಾಸಪ್ಪನವರಿಗೆ ಕೂಡಲೇ ತಿಳಿಯಿತು. ಅಗ್ರಹಾರದ ಪುಟ್ಟಾಚಾರಿ ಎರಕ ಹೊಯ್ಯುತ್ತಿದ್ದ ಹಿತ್ತಾಳೆ ನಲ್ಲಿ ಅದಕ್ಕಿಂತ ಬಾಳಿಕೆ ಬರುತ್ತದೆಂದೂ ಅವರು ಬಲ್ಲರು. ಆದರೆ ಹಿಂದಿನ ತಿಂಗಳಷ್ಟೇ ಕಂಪನಿಯವರು ಅವರನ್ನು ಮದರಾಸಿಗೆ ಕರೆದೊಯ್ದು, ಬಿಳಿ ದೊರೆಗಳ ಪಕ್ಕದಲ್ಲಿ ಊಟಕ್ಕೆ ಕೂರಿಸಿ, ‘ಮಿಸ್ಟರ್ ಇನ್ನಾಸಪ್ಪ’ ಅಂದಿದ್ದರು.

“ನಿಮ್ಮದೇನಾದರೂ ಆಕ್ಷೇಪಣೆ ಉಂಟೇ?” ಎಂದು ಅಧ್ಯಕ್ಷರು ಕೇಳಿದರು.

“ಏನೂ ಇಲ್ಲ ಸ್ವಾಮಿ,” ಅಂದುಬಿಟ್ಟರು.

ನಿಯಮ ಜಾರಿಗೆ ಬಂತು. ಆ ಅಳತೆಯ ತಿರುಪು ಕೊರೆಯುವ ಯಂತ್ರ ಕಂಪನಿಯ ಬಳಿ ಮಾತ್ರ ಇತ್ತು. ವರ್ಷದೊಳಗೆ ಪುಟ್ಟಾಚಾರಿಯ ಕುಲುಮೆ ಆರಿತು.

ಒಂದು ಭಾನುವಾರ ಆಚಾರಿ ಮನೆಗೇ ಬಂದು, “ಸಭೇಲಿ ನೀವೂ ಇದ್ರಂತಲ್ಲ ಇನ್ನಾಸಪ್ಪೋರೇ. ನಮ್ಮ ನಲ್ಲಿ ವಿಷಯ ಯಾರೂ ಎತ್ತಲಿಲ್ವಾ?” ಎಂದು ಕೇಳಿದರು.

“ನಾನು ಎತ್ತಿದೆ ಕಣ್ರೀ. ಯಾರೂ ಕೇಳಲಿಲ್ಲ.”

ಆಚಾರಿ ಅದನ್ನು ನಂಬಿ, ಕೈಮುಗಿದು ಹೋದರು.

ಚರ್ಚಿನ ಪಾಪನಿವೇದನೆಯಲ್ಲಿ ಗುರುಗಳ ಮುಂದೆ ಆ ಸುಳ್ಳನ್ನು ಇನ್ನಾಸಪ್ಪನವರು ಎಷ್ಟೋ ಸಲ ಹೇಳಿಕೊಂಡರು. ಆಚಾರಿಯ ಮನೆಗೆ ಹೋಗಿ ಹೇಳುವುದು ಮಾತ್ರ ಅವರಿಂದ ಆಗಲೇ ಇಲ್ಲ.