ಕುಂಚದ ಕೂದಲು

ವಸ್ತುಸಂಗ್ರಹಾಲಯದಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ಕಾಗದದಕ್ಕ ಎಂದೇ. ಶಾಸನದ ಕಲ್ಲಿನ ಮೇಲೆ ಒದ್ದೆ ಕಾಗದ ಹರಡಿ, ಗಡುಸು ಕುಂಚದಿಂದ ಬಡಿದು, ಒಣಗಿದ ಮೇಲೆ ಎತ್ತಿ ಅಕ್ಷರಗಳ ಅಚ್ಚು ತೆಗೆಯುವುದು ಆಕೆಯ ಕೆಲಸ. ಮೂವತ್ತೊಂದು ವರ್ಷ ಬಡಿದೂ ಬಡಿದೂ ಬಲ ಹೆಗಲು ಎಡದ್ದಕ್ಕಿಂತ ಒಂದು ಬೆರಳು ಕೆಳಗಿಳಿದಿತ್ತು.

ಆ ಅಚ್ಚುಗಳನ್ನು ಓದುವವರು ಪ್ರೊಫೆಸರರು. ಪ್ರಾಚೀನ ಇಟಲಿಯ ಭಾಷೆಗಳಲ್ಲಿ ‘ಇದು’, ‘ಅದು’ ಎಂದು ತೋರಿಸುವ ಮಾತುಗಳು ಹುಟ್ಟಿದ್ದು ಹೇಗೆಂಬುದೇ ಅವರ ಜೀವಮಾನದ ಚಿಂತೆ. ಲ್ಯಾಟಿನ್ನಿನಲ್ಲಿ ನನ್ನ ಹತ್ತಿರದ್ದಕ್ಕೊಂದು, ನಿನ್ನ ಹತ್ತಿರದ್ದಕ್ಕೊಂದು, ಇಬ್ಬರಿಗೂ ದೂರದ್ದಕ್ಕೊಂದು ಮಾತು. ಆ ಮೂರನೆಯದರ ತವರುಮನೆ ನೆರೆಯ ಸೋದರಭಾಷೆಯಲ್ಲಿದೆ ಎಂದು ಅವರ ವಾದ. ಹೇಳುವಾಗ, ಆ ಭಾಷೆಯನ್ನು ತಾವೇ ತೊಟ್ಟಿಲಲ್ಲಿ ತೂಗಿದವರಂತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ವಾದಕ್ಕೆ ಆಧಾರ ಒಂದೇ ಕಲ್ಲಿನ ಒಂದೇ ಗೆರೆ; ಅದನ್ನು ಅಕ್ಷರವೆಂದು ಓದಿದರೆ ಮಾತ್ರ ಆ ಮಾತು ಅಲ್ಲಿ ಸಿಗುತ್ತಿತ್ತು. ಸಾಗಿಸುವಾಗ ಕಲ್ಲು ಬಿದ್ದು ಪುಡಿಯಾಗಿತ್ತು. ಉಳಿದದ್ದು ಕಾಗದದಕ್ಕ ಇಪ್ಪತ್ತೆರಡು ವರ್ಷದ ಹಿಂದೆ ತೆಗೆದ ಅಚ್ಚು ಮಾತ್ರ.

ಕಾಗದದಕ್ಕನ ನಿವೃತ್ತಿಗೆ ಒಂಬತ್ತು ದಿನವಿತ್ತು. ಬೀರು ಒಪ್ಪಿಸುವ ಮೊದಲು ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸವೆದ ಕಾಗದದಲ್ಲಿ, ಆ ಗೆರೆಯ ತುದಿಯಿಂದ ಕಪ್ಪು ಎಳೆಯೊಂದು ಇಣುಕುತ್ತಿತ್ತು. ತನ್ನದೇ ಕುಂಚದ ಕೂದಲು!

“ಕಲ್ಲೇ ಇಲ್ಲ, ಯಾರು ಬಂದು ಕೇಳ್ತಾರೆ?” ಎಂದ ಮನೆಯಲ್ಲಿ ಗಂಡ. “ಸತ್ತ ಭಾಷೆಗೆ ನೀನ್ಯಾಕೆ ಸಾಕ್ಷಿ ಹೇಳ್ತೀಯ? ಆ ಪ್ರೊಫೆಸರರ ಪುಸ್ತಕ ಬೇರೆ ಅಚ್ಚಿಗೆ ಹೋಗ್ತಿದೆ. ಹೊರಡೋ ಹೊತ್ತಲ್ಲಿ ನಿನ್ನ ಕೆಲಸಕ್ಕೆ ನೀನೇ ಮಸಿ ಬಳ್ಕೋತೀಯ?”

“ಕೆಲಸ ನಂದೇ ಅಲ್ವಾ? ಮಸೀನೂ ನಂದೇ ಇರ್ಲಿ.”

ಮರುದಿನ ಹಾಳೆಯನ್ನೂ ಹಳೆಯ ಕುಂಚವನ್ನೂ ಪ್ರೊಫೆಸರರ ಮೇಜಿನ ಮೇಲಿಟ್ಟಳು.

“ಸಾರ್, ಈ ಗೆರೆ ಕಲ್ಲಿನದ್ದಲ್ಲ. ನನ್ನ ಕುಂಚದ ಕೂದಲು.”

ಪ್ರೊಫೆಸರರು ನಕ್ಕರು. “ಅಕ್ಕಾ, ಹದಿನೇಳು ವಿದ್ವಾಂಸರು ಒಪ್ಪಿದ ಗೆರೆ ಇದು!”

“ಅವರ್ಯಾರೂ ಕುಂಚ ಹಿಡಿದೋರಲ್ವಲ್ಲ, ಸಾರ್.”

ಭೂತಗನ್ನಡಿ ಹಿಡಿದರು, ಕೆಳಗಿಟ್ಟರು, ಮತ್ತೆ ಹಿಡಿದರು. ಕೊನೆಗೆ ಚಿಮುಟ ತೆಗೆದುಕೊಂಡರು. ಅದರ ತುದಿಗೆ ಕೂದಲು ಬಂತು; ಗೆರೆ ಚಪ್ಪಟೆಯಾಯಿತು.

“ಇಪ್ಪತ್ತೆರಡು ವರ್ಷ,” ಎಂದರು. ಬೇರೆ ಯಾರದೋ ವಯಸ್ಸು ಹೇಳುವಂತಿತ್ತು ಆ ದನಿ.

“ನನ್ನಿಂದ ಹೀಗಾಯ್ತು, ಸಾರ್.”

“ಕೂದಲು ನಿಮ್ದು, ಅಕ್ಕ. ಅದರ ಮೇಲೆ ಮನೆ ಕಟ್ಟಿದೋನು ನಾನು.”

ಹಾಳೆಯನ್ನು ಮಗುಚಿ ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಬರೆದರು: ‘ನಾನು ಅಕ್ಷರವೆಂದು ಓದಿದ್ದು ಕುಂಚದ ಕೂದಲು. ಗುರುತಿಸಿದವರು:’ ಅಷ್ಟು ಬರೆದು ಪೆನ್ಸಿಲ್ಲನ್ನು ಆಕೆಯತ್ತ ಚಾಚಿದರು.

ಮೂವತ್ತೊಂದು ವರ್ಷದಲ್ಲಿ ತೆಗೆದ ಯಾವ ಹಾಳೆಯ ಮೇಲೂ ಆಕೆಯ ಹೆಸರಿರಲಿಲ್ಲ. ಎಲ್ಲಿ ಬರೆಯಬೇಕೆಂದು ತೋಚದೆ ಪೆನ್ಸಿಲ್ ಹಿಡಿದು ನಿಂತಳು.

ಪ್ರೊಫೆಸರರು ಬೆರಳು ಮಾಡಿ ತೋರಿಸಿದರು. “ಇಲ್ಲಿ.”