ಗಾಜಿನ ಮೇಲಿನ ಗಂಧ

ನನ್ನ ಮೊಮ್ಮಗಳು ಉಗಿ ಯಂತ್ರ ಓಡಿಸಿದಳು. ಇದನ್ನು ಹೇಳದೆ ನನಗೆ ಬೇರೆ ಮಾತು ಶುರು ಮಾಡಲು ಆಗುವುದಿಲ್ಲ. ಹಾಲಿನವನಿಗೆ ಹೇಳಿದೆ, ಮೈಲಾಪೂರಿನ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದೆ, ರಕ್ತ ಪರೀಕ್ಷೆಗೆ ಸೂಜಿ ಚುಚ್ಚಿದ ನರ್ಸಮ್ಮನಿಗೂ ಹೇಳಿದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಸಂತೋಷವನ್ನು ಎಲ್ಲಿ ನಿಲ್ಲಿಸಿ ಬರೆಯಬೇಕೆಂದು ಗೊತ್ತಾಗುವುದಿಲ್ಲ. ಆದರೆ ಅದರ ಜೊತೆಗೇ ಬಂದ ಇನ್ನೊಂದನ್ನೂ ಬರೆಯಬೇಕು.

ಪೆರುಂಗುಡಿಯಲ್ಲಿ ಈಗ ಆಫೀಸುಗಳು ನಿಂತಿರುವ ಕಡೆ ಒಂದು ಕಡಲೆಕಾಯಿ ಎಣ್ಣೆಯ ಗಿರಣಿ ಇತ್ತು. ಯಜಮಾನರು ನಮ್ಮ ಕಡೆಯ ಕನ್ನಡದವರೇ. ಗಾಣಗಳನ್ನೆಲ್ಲ ತಿರುಗಿಸುತ್ತಿದ್ದುದು ಒಂದೇ ಉಗಿ ಯಂತ್ರ. ನಮ್ಮಣ್ಣ ಕಡಲೆ ಸಿಪ್ಪೆ ಎರಚಿ ಬಾಯ್ಲರಿನ ಬೆಂಕಿ ನೋಡಿಕೊಳ್ಳುತ್ತಿದ್ದ. ನಾನು ಯಂತ್ರಕ್ಕೆ ಎಣ್ಣೆ ಬಿಟ್ಟು ಒರೆಸುವವನು. ಬಾಯ್ಲರಿನ ಮುಂದೆ ಬೆರಳು ದಪ್ಪದ ಗಾಜಿನ ಕೊಳವೆ ಇರುತ್ತದೆ. ಒಳಗೆ ನೀರು ಎಷ್ಟಿದೆಯೆಂದು ಅದರಲ್ಲೇ ಕಾಣಬೇಕು. ನೀರು ಇಳಿದರೆ ಒಳಗಿನ ತಗಡು ಕಾದು ಕುಸಿಯುತ್ತದೆ, ಉಗಿ ಬೆಂಕಿಯ ಬಾಯಿಂದ ನುಗ್ಗುತ್ತದೆ.

ಒಂದು ಆಯುಧಪೂಜೆಯ ಮರುದಿನ ಹಾಗೇ ಆಯಿತು. ಅಣ್ಣ ಮೈಯೆಲ್ಲ ಬೆಂದು ಆಸ್ಪತ್ರೆಯಲ್ಲಿ ಬಾಳೆ ಎಲೆಯ ಮೇಲೆ ಮೂರು ದಿನ ಇದ್ದ, ಆಮೇಲೆ ಹೋದ. ಯಂತ್ರ ನನ್ನ ಗಂಡನನ್ನು ತಿಂದಿತು ಎಂದಳು ಅತ್ತಿಗೆ. ನೀನು ಹೇಳುವ ತನಕ ಅದು ತಿರುಗುವುದಿಲ್ಲ ಎಂದು ಯಜಮಾನರು ಅವಳಿಗೆ ಮಾತು ಕೊಟ್ಟು ಶೆಡ್ಡಿಗೆ ಬೀಗ ಹಾಕಿದರು. ಸುತ್ತಲಿನ ಜಮೀನು ಮಾರಿದರೂ ಶೆಡ್ಡು ಮಾರಲಿಲ್ಲ. ನಲವತ್ತು ವರ್ಷ ಕಳೆಯಿತು.

ಹೋದ ವರ್ಷ ಯಜಮಾನರ ಮಗನಿಗೆ ಅದನ್ನು ರಿಪೇರಿ ಮಾಡಿಸುವ ಮನಸ್ಸಾಯಿತು. ಕೆಲಸ ಸಿಕ್ಕಿದ್ದು ನನ್ನ ಮೊಮ್ಮಗಳಿರುವ ವರ್ಕ್‌ಶಾಪಿಗೆ. ಅವಳೇ ಮುಂದೆ ನಿಂತು ಮಾಡುವ ಮೊದಲ ಎಂಜಿನ್. ಅಪ್ಪ ಕೊಟ್ಟ ಮಾತು ಇತ್ತಲ್ಲ, ಯಜಮಾನರ ಮಗ ನನ್ನನ್ನೂ ಕರೆದುಕೊಂಡು ಎರಡು ಮನೆ ಆಚೆಯ ಅತ್ತಿಗೆಯ ಮನೆಗೆ ಬಂದರು.

"ನಿಂತಿರೋದು ನಿಂತೇ ಇರ್ಲಿ," ಎಂದಳು ಅತ್ತಿಗೆ. "ಅದಕ್ಕೆ ಹೊಟ್ಟೆ ತುಂಬೈತೆ. ಯಾಕೆ ಎಬ್ಬಿಸ್ತೀರಾ?"

"ಹೊಸ ಬಾಯ್ಲರ್ ಹಾಕಿಸ್ತೀವಿ ಅಮ್ಮಾ. ಇನ್ಸ್‌ಪೆಕ್ಟರ್ ನೋಡಿದ ಮೇಲೇನೇ ಉರಿಸೋದು. ಹೀಗೇ ಬಿಟ್ರೆ ಇನ್ನೆರಡು ಮಳೆಗಾಲಕ್ಕೆ ಮಣ್ಣಾಗತ್ತೆ."

"ಆಗ್ಲಿ. ಅವರು ಮಣ್ಣಾಗ್ಲಿಲ್ವಾ?"

ಯಜಮಾನರ ಮಗ ಕಾಫಿ ಅರ್ಧಕ್ಕೇ ಇಟ್ಟು ಎದ್ದರು. ಮೊಮ್ಮಗಳಿಗೆ ವಿಷಯ ಹೇಳಿದೆ. ಅಳತೆಗಳನ್ನಾದರೂ ಬರೆದುಕೊಳ್ಳುತ್ತೇನೆ ಬಾ ತಾತ, ಯಾವುದು ಏನು ಅಂತ ತೋರಿಸು ಎಂದು ಒಂದು ಭಾನುವಾರ ಶೆಡ್ಡಿಗೆ ಕರೆದುಕೊಂಡು ಹೋದಳು. ಅವಳು ಸ್ಪ್ಯಾನರ್ ಹಿಡಿಯುವುದನ್ನು ಹೆಮ್ಮೆಯಿಂದ ನೋಡುತ್ತಾ ನಿಂತೆ. ಗಾಜು ಒಡೆಯದಂತೆ ಸುತ್ತ ಹಾಕಿದ್ದ ಹಿತ್ತಾಳೆಯ ಕಾಪು ಬಿಚ್ಚಿ ಕೊಳವೆಯನ್ನು ಹೊರಗೆ ತೆಗೆದಳು.

"ತಾತಾ, ಇದು ಎನ್ನ?" ಇದೇನು ಎಂದು ತಮಿಳಿನಲ್ಲಿ ಕೇಳಿದಳು.

ಗಾಜಿನ ಮೇಲೆ ಬಿಳಿ ಹಕ್ಕಳೆ. ಉಪ್ಪು ನೀರಿನದು ಇರಬೇಕು ಎಂದೆ.

"ಅದು ಉಳ್ಳೆ ದಾನೇ ವರುಂ?" ನೀರಿನ ಪೊರೆ ಒಳಗೆ ತಾನೆ ಕಟ್ಟುವುದು, ಇದು ಹೊರಗಿದೆಯಲ್ಲ ಎಂದಳು. ಉಗುರಿನಿಂದ ಕೆರೆದು ಮೂಸಿದಳು. "ಸಂದನಂ."

ಗಂಧವೇ. ಬಳಿದದ್ದು ನಾನು. ಆ ಗಾಜನ್ನು ನಾನು ಯಂತ್ರದ ಕಣ್ಣು ಎಂದುಕೊಂಡಿದ್ದೆ. ಆ ಆಯುಧಪೂಜೆಗೆ ಕಾಪಿನ ಸಂದಿಯೆಲ್ಲ ತುಂಬುವ ಹಾಗೆ ಗಂಧ ಮೆತ್ತಿ, ಮೇಲೆ ವಿಭೂತಿಯ ಮೂರು ಪಟ್ಟೆ ಎಳೆದೆ. ಪೂಜೆಯ ಗುರುತನ್ನು ನಮ್ಮಲ್ಲಿ ಕೈಯಿಂದ ಒರೆಸುವುದಿಲ್ಲ, ಅದಾಗಿಯೇ ಹೋಗಬೇಕು. ಬೆಳಿಗ್ಗೆ ಅಣ್ಣ ನೋಡಿ ನಕ್ಕ. "ಏನ್ಲಾ, ಕಣ್ಣಿಗೇ ಬಳಿದಿದ್ದೀಯಲ್ಲ." ಒರೆಸಲಾ ಎಂದೆ. "ಬ್ಯಾಡ ಬಿಡು, ನಿನ್ನೆ ತಾನೆ ಪೂಜೆ ಆಗೈತೆ. ಬಿಸಿಗೆ ಅದೇ ಉದುರ್ತದೆ." ಪೂಜೆಗೆ ತೊಳೆಯುವಾಗ ಬಾಯ್ಲರಿನ ನೀರು ಇಳಿಸಿದ್ದೆವು. ಮತ್ತೆ ತುಂಬಿಸುವುದು ನನ್ನ ಕೆಲಸ. ತುಂಬಿಸಿದ್ದೆ ಎಂದುಕೊಂಡಿದ್ದೆ. ಗಂಧದ ಹಿಂದೆ ನೀರು ಎಷ್ಟಿದೆಯೆಂದು ಅಣ್ಣನಿಗೆ ಕಾಣಲಿಲ್ಲ.

ಎಲ್ಲವನ್ನೂ ಮೊಮ್ಮಗಳಿಗೆ ಹೇಳಿದೆ. ಯಾವಾಗಲೂ ತಮಿಳಿನಲ್ಲಿ ಉತ್ತರ ಕೊಡುವವಳು ಅವತ್ತು ಕನ್ನಡದಲ್ಲಿ ಕೇಳಿದಳು. "ಹಾಗಾದ್ರೆ ಎಂಜಿನ್ ತಪ್ಪಿಲ್ವಾ?"

"ಇಲ್ಲ."

"ದೊಡ್ಡಜ್ಜಿಗೆ ಗೊತ್ತಾ?" ಅತ್ತಿಗೆಯನ್ನು ಅವಳು ಹಾಗೇ ಕರೆಯುವುದು.

"ಇಲ್ಲ."

ಅವಳು ಕೊಳವೆಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಹೇಳು ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ.

ಮರುದಿನ ಹೋದಾಗ ಅತ್ತಿಗೆ ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ಗಾಜನ್ನು ಅವಳ ಮುಂದಿಟ್ಟು ಹೇಳಿದೆ. ಕಡ್ಡಿಯ ಕೊನೆಯ ಎಲೆ ಬಿಡಿಸುವ ತನಕ ಅವಳು ತಲೆ ಎತ್ತಲಿಲ್ಲ.

"ಒರೆಸಬ್ಯಾಡ ಅಂದ್ರಾ ಅವರು?"

"ಅಂದ."

"ನಗ್ತಾ ಅಂದ್ರಾ?"

"ನಗ್ತಾನೇ ಅಂದ ಅತ್ತಿಗೆ."

ಅವಳು ಗಾಜನ್ನು ಮುಟ್ಟಲಿಲ್ಲ. "ನಲವತ್ತು ವರ್ಷ ಆ ಕಬ್ಬಿಣಕ್ಕೆ ಶಾಪ ಹಾಕಿದೀನಿ. ನೀನು ಪಕ್ಕದಲ್ಲಿ ಕೂತು ಕೇಳಿಸ್ಕೊಂಡಿದೀಯಾ, ನಾನು ಮಾಡಿದ ಅಡುಗೆ ಉಂಡುಕೊಂಡು." ಬಿಡಿಸಿದ ಸೊಪ್ಪನ್ನು ಮೊರಕ್ಕೆ ಹಾಕಿ ಹೇಳಿದಳು, "ಹುಡುಗಿಗೆ ಹೇಳು, ಓಡಿಸ್ಲಿ. ಅದು ಯಾಕೆ ಬೀಗದೊಳಗಿರಬೇಕು? ನೀನು ಮಾತ್ರ ಇನ್ನು ಈ ಮೆಟ್ಟಿಲು ಹತ್ತಬ್ಯಾಡ."

ಓಡಿಸಿದ ದಿನ ಅತ್ತಿಗೆ ಆಟೋದಲ್ಲಿ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ನಾನು ದೂರದ ಗೋಡೆಗೆ ಒರಗಿ ನಿಂತೆ. ವಿಭೂತಿ ಎಲ್ಲಿ ಇಡಲಿ ಎಂದು ಮೊಮ್ಮಗಳು ಕಣ್ಣಲ್ಲೇ ಕೇಳಿದಳು, ಚಕ್ರಕ್ಕೆ ಎಂದು ಕೈ ತೋರಿಸಿದೆ. ಹೊಸ ಗಾಜಿಗೆ ಟಾರ್ಚ್ ಬಿಟ್ಟು ಮೂರು ಸಲ ನೀರು ನೋಡಿದಳು. ಆಮೇಲೆ ಉಗಿ ಬಿಡುವ ಹಿಡಿಕೆ ಎಳೆದಳು. ಆಳೆತ್ತರದ ಚಕ್ರ ಒಮ್ಮೆ ಮುನ್ನುಗ್ಗಿ, ತಡೆದು, ತಿರುಗಿತು. ನನ್ನ ಮೊಮ್ಮಗಳು. ಮುಖದ ತುಂಬ ಮಸಿ. ಅಷ್ಟು ಸಂತೋಷವನ್ನು ನಾನು ನನ್ನ ಮದುವೆಯ ದಿನವೂ ಕಂಡಿರಲಿಲ್ಲ. ಅದೇ ಹೊತ್ತಿಗೆ ಸಿಪ್ಪೆ ಉರಿದ ವಾಸನೆ ಬಂತು, ಅಣ್ಣನ ಮೈಯ ವಾಸನೆ ಅದು. ಅತ್ತಿಗೆ ಹುಡುಗಿಯ ಕೆನ್ನೆ ಸವರಿ ಆಟೋ ಹತ್ತಿದಳು. ಈ ಕಡೆ ತಿರುಗಲಿಲ್ಲ.

ಈ ಸಲದ ಆಯುಧಪೂಜೆಗೂ ಅತ್ತಿಗೆ ಪುರಿ ಕಡಲೆ ಪೊಟ್ಟಣ ಕಟ್ಟಿ ನಮ್ಮ ಸಾಲಿನ ಮನೆಗಳಿಗೆಲ್ಲ ಕೊಟ್ಟಳು. ನಮ್ಮ ಬಾಗಿಲು ದಾಟಿ ಹೋದಳು. ಸಂಜೆ ಮೊಮ್ಮಗಳು ಅವಳ ಮನೆಯಿಂದ ಬಂದು ಒಂದು ಪೊಟ್ಟಣ ನನ್ನ ಮುಂದೆ ಬಿಚ್ಚಿದಳು.

"ನನಗೆ ಅಂತ ಕೊಟ್ಟಳಾ?"

"ಇಲ್ಲೆ ತಾತಾ. ಎನಕ್ಕು ದಾನ್."

"ನಿನಗೇ ಅಂತ ಕೊಟ್ಟಿದ್ರೆ ನೀನೇ ತಿನ್ನು," ಎಂದೆ. ಇವತ್ತು ಪೂಜೆಗೆ ಓಡಿಸುವಾಗ ಉಗಿಯ ಒತ್ತಡ ಎಷ್ಟಕ್ಕೆ ಏರಿಸಿದೆ ಎಂದು ಕೇಳಿದೆ. ಹೇಳಿದಳು. ಸರಿಯಾಗಿ ಕೇಳಿಸಿತ್ತು, ಆದರೂ ಇನ್ನೊಂದು ಸಲ ಹೇಳಿಸಿದೆ.