ಕೀಲಿಕೈ ಹಾಡಿನ ಗುನುಗಿ

ಗುನುಗಿ ಅಂತ ಹೆಸರಿಟ್ಟವನು ಅವಳ ಅಣ್ಣನೇ. ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದ ಮೇಲೆ ಪುಟ್ಟ ತಂಗಿಯನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲಾರದೆ ಅವನು ದಿನವೂ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದ. ಅಂಗಡಿ ಅಂದರೆ ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಉಳಿದುಹೋದ ಒಂದು ಸಂದು. ನೀಲಿ ಬಣ್ಣದ ಷಟರ್, ಅದರ ಮೇಲೆ ಆಳುದ್ದದ ಮರದ ಕೀಲಿಕೈ. ಒಳಗೆ ಗೋಡೆ ತುಂಬ ಮೊಳೆ, ಮೊಳೆಗಳಿಗೆಲ್ಲ ಇನ್ನೂ ಹಲ್ಲು ಕೊರೆಯದ ಬೋಳು ಕೀಲಿಕೈಗಳು. ಗಿರಾಕಿಯ ಕೀಲಿಕೈಯನ್ನು ಒಂದು ಕಡೆ, ಬೋಳು ಕೀಲಿಕೈಯನ್ನು ಇನ್ನೊಂದು ಕಡೆ ಕಚ್ಚಿಸಿ ಅಣ್ಣ ಮಷಿನ್ನು ಹಾಕಿದನೆಂದರೆ ಅದು ಕಿರ್ರೆಂದು ಕೂಗುತ್ತಿತ್ತು. ಬಂದವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಈ ಹುಡುಗಿ ಮಾತ್ರ ಸ್ಟೂಲಿನ ಮೇಲೆ ಕಾಲು ಆಡಿಸುತ್ತ, ಮಷಿನ್ನು ಯಾವ ಸ್ವರ ಹಿಡಿಯಿತೋ ಅದನ್ನೇ ಹಿಡಿದು ಗುನುಗುತ್ತಿದ್ದಳು.

"ನಮ್ಮಂಗಡೀಲಿ ಎರಡು ಮಷಿನ್ನು ನೋಡಿ," ಎಂದು ಅಣ್ಣ ಗಿರಾಕಿಗಳಿಗೆ ಹೇಳುತ್ತಿದ್ದ. "ಒಂದಕ್ಕೆ ಕರೆಂಟು ಬೇಕು, ಇನ್ನೊಂದಕ್ಕೆ ಬಿಸ್ಕತ್ತು."

ದೊಡ್ಡವಳಾದ ಮೇಲೆ ಅವಳು ಮದುವೆ ಮನೆಗಳಲ್ಲಿ ಹಾಡುವ ಆರ್ಕೆಸ್ಟ್ರಾ ಸೇರಿದಳು. ಅಲ್ಲಿ ಜನಕ್ಕೆ ಊಟದ ಕಡೆ ಮುಖ, ಹಾಡಿನ ಕಡೆ ಬೆನ್ನು. ಹಾಡುವುದೂ ಯಾರೋ ಬರೆದು ಇನ್ಯಾರೋ ಹೆಸರು ಮಾಡಿದ ಹಾಡುಗಳನ್ನೇ. ಬಿಡುವಾದಾಗ ತಾನೇ ಕಟ್ಟಿದ ಹಾಡನ್ನು ಕೀಬೋರ್ಡಿನವನಿಗೆ ಕೇಳಿಸುತ್ತಿದ್ದಳು. ಅವನು ತಲೆ ನೆರೆತ, ಬಾಯಿ ಖಾರದ ಮನುಷ್ಯ.

"ಚಂದ್ರ, ಬೆಳದಿಂಗಳು, ಕಣ್ಣೀರು. ಇದು ಯಾರ ಮನೆ ಚಂದ್ರ ತಾಯಿ? ಎಲ್ಲರ ಹಾಡಿಗೂ ಇವನೊಬ್ಬನೇ ಬಾಡಿಗೆಗೆ ಬರ್ತಾನೆ. ಕಣ್ಣಿಗೆ ಕಾಣೋ ಹಾಗೆ ಏನಾದ್ರೂ ಹಾಕು. ನಿಮ್ಮನೆ ಬಾಗಿಲು ಹಾಕು, ನಿಮ್ಮ ಬೀದಿ ಹಾಕು."

ಅವಳ ಮುಖ ಊದಿಕೊಂಡಿತು. ಆದರೆ ಮಾತು ಹೊಟ್ಟೆಯೊಳಗೆ ಇಳಿಯಿತು.

ಅಷ್ಟು ಹೊತ್ತಿಗೆ ಅಣ್ಣನಿಗೆ ಮದುವೆಯಾಗಿ ಒಬ್ಬ ಮಗಳೂ ಇದ್ದಳು. ಅತ್ತಿಗೆ ಕೆಟ್ಟವಳಲ್ಲ, ಬಾಯಿ ತಡೆಯದವಳು, ಅಷ್ಟೆ. ನಾದಿನಿ ಹೊತ್ತು ಮೀರಿ ಬರುವುದು, ಮಗು ಮಲಗಿದೆ ಅನ್ನುವುದನ್ನೂ ನೋಡದೆ ಮೂಲೆಯಲ್ಲಿ ಕೂತು ಒಂದೇ ಸಾಲನ್ನು ಹತ್ತು ಥರ ಹಾಡಿ ನೋಡುವುದು, ಇದಕ್ಕೆಲ್ಲ ಮಾತಿಗೆ ಮಾತು ಬೆಳೆಯುತ್ತಿತ್ತು. ಒಂದು ಬೆಳಿಗ್ಗೆ ಅದು ಅತಿಯಾಯಿತು. ಗುನುಗಿ ತನ್ನ ಹತ್ತಿರವಿದ್ದ ಮನೆಯ ಕೀಲಿಕೈಯನ್ನು ಮೇಜಿನ ಮೇಲೆ ಎಸೆದು, ಬಟ್ಟೆಯ ಚೀಲವನ್ನು ಹೆಗಲಿಗೇರಿಸಿ ಹೊರಟೇಬಿಟ್ಟಳು. ಅಣ್ಣ ಬಸ್ ಸ್ಟಾಪಿನ ತನಕ ಬರಿಗಾಲಲ್ಲಿ ಓಡಿಬಂದ. ಮುಷ್ಟಿಯಲ್ಲಿ ಅದೇ ಕೀಲಿಕೈ.

"ತಗೊಳೇ. ಬರದಿದ್ರೆ ಬರಬೇಡ. ಸುಮ್ನೆ ಹತ್ರ ಇಟ್ಕೊಂಡಿರು."

"ನಿನ್ನ ಹೆಂಡ್ತಿಗೇ ಕೊಡು, ಇನ್ನೊಂದು ಗೊಂಚಲು ಮಾಡ್ಕೊಳ್ಳಲಿ," ಎಂದು ಅವಳು ಬಸ್ಸು ಹತ್ತಿದಳು.

ಕಿಟಕಿಯ ಸರಳಿಗೆ ಹಣೆ ಒತ್ತಿ ಕೂತಿದ್ದಾಗ ಆ ಸಾಲು ಬಂತು. ರಾಗದ ಸಮೇತ, ಯಾರೋ ಪಕ್ಕದಲ್ಲಿ ಕೂತು ಹೇಳಿಕೊಟ್ಟ ಹಾಗೆ.

ಊರಿಗೆಲ್ಲ ಕೀಲಿಕೈ ಮಾಡಿಕೊಟ್ಟೆ ಅಣ್ಣ,
ತಂಗಿಗೊಂದು ಕೀಲಿಕೈ ಕೊಡದೆ ಹೋದೆ ಅಣ್ಣ.

ಸುಳ್ಳು ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅಣ್ಣ ಕೊಡಲು ಬಂದ, ನಾನೇ ಮುಖ ತಿರುಗಿಸಿದೆ ಎಂದು ಬರೆದರೆ ಅದು ಹಾಡಾಗುವುದಿಲ್ಲ. ನಡೆದ ಸಂಗತಿಯಾಗುತ್ತದೆ, ಅಷ್ಟೆ. ಅವಳು ಬಂದ ಸಾಲನ್ನು ಬೇಡ ಅನ್ನಲಿಲ್ಲ. ಮುಂದಿನ ಚರಣಕ್ಕೆ ನೀಲಿ ಷಟರನ್ನು ತಂದಳು, ಅದರ ಮೇಲಿನ ಮರದ ಕೀಲಿಕೈಯನ್ನು ತಂದಳು, ಔಷಧಿಯ ವಾಸನೆಯನ್ನೂ ಹೊಸ ಚಪ್ಪಲಿಯ ವಾಸನೆಯನ್ನೂ ತಂದಳು. ಕೀಬೋರ್ಡಿನವನು ಕೇಳಿ, ಅದೇ ಸಾಲನ್ನು ತಾನೂ ಒಮ್ಮೆ ನುಡಿಸಿ ನೋಡಿದ. ಆಮೇಲೆ, "ಇದು ನಿಂತ್ಕೊಳ್ಳುತ್ತೆ," ಅಂದ.

ನಿಂತುಕೊಳ್ಳುವುದೇನು, ಓಡಿತು. ಒಬ್ಬ ಆಡಿಯೋ ಕಂಪನಿಯವನು ಅವಳಿಂದಲೇ ಹಾಡಿಸಿ ಹಾಡನ್ನು ಹೊರಬಿಟ್ಟ. ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಕೂತವರ ಫೋನಿನಲ್ಲಿ ಅದೇ ಹಾಡು. ಮದುವೆ ಮನೆಯಲ್ಲಿ ಬೆನ್ನು ತೋರಿಸುತ್ತಿದ್ದ ಜನ ಈಗ ಮೈದಾನಗಳಲ್ಲಿ ಅವಳ ಮುಖ ನೋಡಲು ನೂಕಾಡಿದರು. ಅವಳು ಅಳುಕುತ್ತಲೇ ಅಣ್ಣನ ಅಂಗಡಿಗೆ ಹೋದಳು. ಅವನು ಮಷಿನ್ನು ನಿಲ್ಲಿಸಿ, ತೋಳಿಗೆ ಅಂಟಿದ್ದ ಹಿತ್ತಾಳೆ ಪುಡಿಯನ್ನು ಒರೆಸಿಕೊಂಡು ನಕ್ಕ.

"ನನ್ನನ್ನೇ ವಿಲನ್ ಮಾಡ್ಬಿಟ್ಟೆಯಲ್ಲೇ!"

"ಕೋಪಾನಾ ಅಣ್ಣ?"

"ಕೋಪ ಎಂಥದ್ದು. ಹಾಡು ಚೆನ್ನಾಗಿದೆ. ನಿಮ್ಮತ್ತಿಗೆ ಪಾತ್ರೆ ತೊಳೀತಾ ಅದನ್ನೇ ಹಾಡ್ತಾಳೆ, ನಾನು ಒಳಗೆ ಬಂದ ತಕ್ಷಣ ನಿಲ್ಲಿಸ್ತಾಳೆ."

ಹೀಗೆ ಮುರಿದಿದ್ದು ಕೂಡಿಕೊಂಡಿತು. ರಜೆಯ ದಿನ ಅವಳು ಮನೆಗೆ ಬಂದು, ಉಂಡು, ಅಣ್ಣನ ಮಗಳ ಜಡೆ ಹೆಣೆದು ಹೋಗುವುದು ರೂಢಿಯಾಯಿತು.

ಒಂದು ಕಾರ್ಯಕ್ರಮದಲ್ಲಿ, ಆ ಸಾಲು ಬಂದಾಗ, ಮುಂದೆ ಕೂತಿದ್ದ ಯಾರೋ ಒಬ್ಬ ಜೇಬಿನಿಂದ ಕೀಲಿಕೈ ಗೊಂಚಲು ತೆಗೆದು ತಾಳಕ್ಕೆ ಸರಿಯಾಗಿ ಅಲ್ಲಾಡಿಸಿದ. ಪಕ್ಕದವಳು ನೋಡಿದಳು, ತಾನೂ ತೆಗೆದಳು. ಮುಂದಿನ ಊರಿಗೆ ಹೋಗುವಷ್ಟರಲ್ಲಿ ಮೈದಾನಕ್ಕೆ ಮೈದಾನವೇ ಕೈ ಎತ್ತಿ ಗೊಂಚಲು ಆಡಿಸುತ್ತಿತ್ತು. ಎಷ್ಟೋ ಮನೆಗಳ, ಎಷ್ಟೋ ಪೆಟ್ಟಿಗೆಗಳ ಕೀಲಿಕೈಗಳು ಒಟ್ಟಿಗೆ ಝಲ್ ಎಂದಾಗ ಗುನುಗಿಯ ಮೈ ಜುಮ್ಮೆಂದಿತು. ಕೀಬೋರ್ಡಿನವನು ಮಾತ್ರ ವಾಪಸ್ಸು ಬರುವಾಗ ವ್ಯಾನಿನಲ್ಲಿ ಮುಖ ಗಂಟು ಹಾಕಿಕೊಂಡಿದ್ದ.

"ಆ ಶಬ್ದ ನಂಗೆ ಹಿಡಿಸ್ತಿಲ್ಲ."

"ಯಾಕೆ, ತಾಳ ತಪ್ತಾರಾ?"

"ಒಬ್ರೂ ತಪ್ಪಲ್ಲ. ಅದೇ."

ಅವಳು ನಕ್ಕುಬಿಟ್ಟಳು.

ನೀಲಿ ಷಟರು, ಮರದ ಕೀಲಿಕೈ, ಆ ಕಡೆ ಔಷಧಿ, ಈ ಕಡೆ ಚಪ್ಪಲಿ. ಇಷ್ಟು ಗುರುತು ಸಿಕ್ಕ ಮೇಲೆ ಅಂಗಡಿ ಹುಡುಕುವುದು ಯಾವ ಮಹಾ ಕೆಲಸ? ಮೊದಲು ಬಂದವರು ಎದುರಿಗೆ ನಿಂತು ಫೋಟೋ ತೆಗೆಸಿಕೊಂಡರು. ಅಣ್ಣ ಕೂದಲು ಬಾಚಿಕೊಂಡು ತಾನೂ ನಿಂತ. ಆಮೇಲೆ ಬಂದವರು ಅವನನ್ನು ನಿಲ್ಲಿಸಿಕೊಳ್ಳಲಿಲ್ಲ, ಸುಮ್ಮನೆ ನೋಡಿದರು. ಮಾಡಿಸಿಕೊಂಡು ಹೋಗಿದ್ದ ಕೀಲಿಕೈಯನ್ನು ಒಬ್ಬ ಹೆಂಗಸು ವಾಪಸ್ಸು ತಂದು ಕಟ್ಟೆಯ ಮೇಲಿಟ್ಟು, "ನಿಮ್ಮ ಕೈಲಿ ಮಾಡಿಸಿದ್ದು ನಮ್ಮನೆಗೆ ಬೇಡ," ಅಂದಳು. ಒಂದು ಬೆಳಿಗ್ಗೆ ಅವನ ಷಟರಿನ ಬೀಗದೊಳಗೇ ಯಾರೋ ಅಂಟು ಸುರಿದಿದ್ದರು. ಊರಿನ ಬೀಗವನ್ನೆಲ್ಲ ತೆಗೆಯುವವನು ಬೀದಿಯಲ್ಲಿ ಮಂಡಿಯೂರಿ ತನ್ನ ಬೀಗವನ್ನು ಒಡೆಯುವಾಗ ಸುತ್ತ ನಿಂತವರು ಮೆಲ್ಲಗೆ ಆ ಹಾಡು ಹೇಳಿದರು.

ಆಮೇಲೆ ಕೀಲಿಕೈ ಬರತೊಡಗಿದವು. ಷಟರಿನ ಕೆಳಗೆ ಒಂದೆರಡು, ತುಕ್ಕು ಹಿಡಿದವು. ತಂಗಿಗೆ ಕೊಡು ಅನ್ನುವ ಹಾಗೆ. ಅಣ್ಣ ಅವನ್ನು ಆರಿಸಿ ಡಬ್ಬದಲ್ಲಿ ಹಾಕಿಟ್ಟ. ದಿನ ಕಳೆದಂತೆ ಜನ ಅವನ್ನು ಇಡುವುದು ಬಿಟ್ಟು ಎಸೆಯತೊಡಗಿದರು.

ಅತ್ತಿಗೆ ಫೋನು ಮಾಡಿದಾಗ ದನಿಯಲ್ಲಿ ಜಗಳವಿರಲಿಲ್ಲ. ಅದಕ್ಕೇ ಗುನುಗಿಗೆ ಹೆದರಿಕೆಯಾಯಿತು.

"ನೀನು ಹಾಡೋದು ಬೇಡ ಅನ್ನಲ್ಲ ಕಣಮ್ಮ. ನಿಜ ಏನು ಅಂತ ಒಂದು ಮಾತು ಹೇಳಿಬಿಡು. ಅಷ್ಟು ಸಾಕು."

ಹೇಳಿದಳು. ರೇಡಿಯೋದವರು ಕರೆದಾಗ, ಎಲ್ಲರೂ ಕೇಳುತ್ತಿರುವಾಗ, ತಡವರಿಸದೆ ಹೇಳಿದಳು. ನನ್ನ ಅಣ್ಣ ದೇವರಂಥವನು, ಕೀಲಿಕೈ ಕೊಡೋಕೆ ಬಂದವನು, ತಗೊಳ್ಳದವಳು ನಾನು, ಹಾಡಿಗೋಸ್ಕರ ಹಾಗೆ ಬರೆದೆ. ಹೇಳಿ ಮುಗಿಸಿದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಸಂಜೆಯೊಳಗೆ ಊರೆಲ್ಲ ಒಂದೇ ಮಾತು. ಪಾಪ, ಹೆದರಿಸಿದ್ದಾನೆ. ದನಿ ನೋಡಿ, ಬಾಯಿಪಾಠ ಮಾಡಿಸಿದ ಹಾಗಿತ್ತು. ಏನು ಮಾಡಿದ್ದಾನೋ ಆ ಹುಡುಗಿಗೆ.

ಮರುದಿನ ಅಣ್ಣನ ಮಗಳು ಅಪ್ಪನಿಗೆ ಊಟದ ಡಬ್ಬಿ ತಂದು ಷಟರಿನ ಹತ್ತಿರ ನಿಂತಿದ್ದಾಗ ಒಂದು ದೊಡ್ಡ ಕಬ್ಬಿಣದ ಕೀಲಿಕೈ ಬಂದು ಅವಳ ಕೆನ್ನೆಗೆ ಬಡಿಯಿತು. ಕಣ್ಣಿನ ಅಂಚಿಗೆ. ಪೊಲೀಸರು ಬಂದರು, ಗುಂಪು ಕರಗಿತು, ಅವರು ಹೋದರು. ಎಸೆದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಎಲ್ಲರ ಜೇಬಿನಲ್ಲೂ ಕೀಲಿಕೈ ಇರುತ್ತದಲ್ಲ.

ಗುನುಗಿ ಓಡಿಬಂದಳು. ಹುಡುಗಿಯ ಕೆನ್ನೆಗೆ ಹೊಲಿಗೆ ಹಾಕಿದ್ದರು. ಜಡೆ ಹಾಕಲು ಕೈ ಚಾಚಿದರೆ ಅವಳು ಅಮ್ಮನ ಹಿಂದೆ ಸರಿದಳು.

"ಅಣ್ಣ, ನನ್ನ ಜೊತೆ ವೇದಿಕೆಗೆ ಬಾ," ಎಂದಳು ಗುನುಗಿ. "ಇಬ್ಬರೂ ಕೈ ಹಿಡ್ಕೊಂಡು ನಿಲ್ಲೋಣ. ಕಣ್ಣಾರೆ ನೋಡಿದ ಮೇಲೆ ನಂಬಲೇಬೇಕಲ್ಲ?"

"ಬೇಡ," ಅಂದಳು ಅತ್ತಿಗೆ. "ಅಲ್ಲಿಗೆ ಕರ್ಕೊಂಡು ಹೋಗಿ ಆ ಜನರ ಕೈಗೆ ಒಪ್ಪಿಸ್ತೀಯಾ?"

ಅಣ್ಣ ಮಗಳ ಕೆನ್ನೆಯ ಕಡೆ ನೋಡಿದ. "ಹೋಗ್ತೀನಿ," ಅಂದ.

ಕಂಪನಿಯವನಿಗೆ ಖುಷಿಯೋ ಖುಷಿ. "ಎಂಥಾ ಐಡಿಯಾ ಮೇಡಂ!" ಎಂದು, ಗುನುಗಿ ಬೇಡ ಬೇಡ ಅಂದರೂ ಕೇಳದೆ, ಅಣ್ಣನೂ ಬರುತ್ತಾನೆಂದು ಮೊದಲೇ ಸಾರಿಬಿಟ್ಟ.

ಕಾರ್ಯಕ್ರಮದ ದಿನ ಸಂಜೆ ಬಿಸಿಲು ಇನ್ನೂ ಇತ್ತು. ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಸ್ತ್ರಿ ಹಾಕಿದ ಅಂಗಿ ತೊಟ್ಟು ಅಣ್ಣ ತಂಗಿಯ ಕೈ ಹಿಡಿದು ವೇದಿಕೆಗೆ ಬಂದಾಗ ಗದ್ದಲವೆಲ್ಲ ಒಮ್ಮೆಲೆ ನಿಂತಿತು. ಗುನುಗಿ ಮೈಕಿನ ಹತ್ತಿರ ಹೋಗಿ ಹೇಳತೊಡಗಿದಳು. ಇವನೇ ನಮ್ಮಣ್ಣ, ನನ್ನನ್ನು ಸಾಕಿದವನು, ಹಾಡಿನಲ್ಲಿರುವುದು ಸುಳ್ಳು...

"ಯಾರು ಹೇಳಿಕೊಟ್ಟಿದ್ದು?" ಎಂದು ಒಂದು ದನಿ ಬಂತು.

"ಕೈ ಬಿಡೋ ಅವಳದ್ದು!" ಎಂದು ಇನ್ನೊಂದು.

ಅವಳು ಮತ್ತೆ ಹೇಳಿದಳು. ಕೂಗಿ ಹೇಳಿದಳು. ಆಗ ದೂರದ ಮೂಲೆಯಿಂದ ಒಂದು ಗೊಂಚಲು ಝಲ್ ಅಂದಿತು. ಆಮೇಲೆ ಹತ್ತು, ಆಮೇಲೆ ಲೆಕ್ಕವಿಲ್ಲ. ಹಾಡಿಲ್ಲ, ವಾದ್ಯವಿಲ್ಲ, ಬರೀ ಆ ಶಬ್ದ, ಒಂದೇ ತಾಳದಲ್ಲಿ, ಮೆಲ್ಲಗೆ ಮುಂದೆ ಮುಂದೆ ಬರುತ್ತ. ಕೀಬೋರ್ಡಿನವನ ಬೆರಳುಗಳು ಕೀಬೋರ್ಡನ್ನು ಮುಟ್ಟದೆ ಗಾಳಿಯಲ್ಲೇ ನಿಂತಿದ್ದವು. ಜನರೇ ಹಾಡು ಶುರು ಮಾಡಿದರು. ಗುನುಗಿ ಬಾಯಿ ತೆರೆಯಲಿಲ್ಲ; ಅವಳು ಬೇಕಾಗಿಯೂ ಇರಲಿಲ್ಲ. ಅವಳು ಕಟ್ಟಿದ ಒಂದೊಂದು ಮಾತನ್ನೂ ಅವರು ಅವಳ ಅಣ್ಣನ ಮುಖಕ್ಕೆ ಹಾಡಿದರು.

ಒಂದು ಕೀಲಿಕೈ ಹಾರಿಬಂದು ಹಲಗೆಯ ಮೇಲೆ ಠಣ್ ಎಂದು ಬಿತ್ತು. ಇನ್ನೊಂದು ಅವಳ ಕಾಲ ಬಳಿ.

ಅಣ್ಣ ಅವಳನ್ನು ಹಿಂದಕ್ಕೆ ಸರಿಸಿ ತಾನು ಮೈಕಿನ ಮುಂದೆ ನಿಂತ. ಏನು ಹೇಳಬೇಕೆಂದು ಅವನು ಮನೆಯಲ್ಲೇ ಯೋಚಿಸಿಕೊಂಡು ಬಂದಿದ್ದನೇನೋ.

"ತಪ್ಪಾಯ್ತು," ಅಂದ.

"ಅಣ್ಣ, ಬೇಡ!"

"ನಾನೇ ಕೊಡಲಿಲ್ಲ. ನನ್ನ ತಂಗಿಗೆ ನಾನು ಕೀಲಿಕೈ ಕೊಡಲಿಲ್ಲ. ತಪ್ಪಾಯ್ತು." ಹೇಳಿ, ಅವಳ ಕಡೆ ತಿರುಗಿ, ತಲೆ ತಗ್ಗಿಸಿ ನಿಂತ.

ಶಬ್ದ ನಿಂತಿತು. ಮರುಕ್ಷಣ ಮೈದಾನ ಹರ್ಷದಿಂದ ಹುಚ್ಚೆದ್ದಿತು. ಜನ ಅತ್ತರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಹಾಡು, ಹಾಡು ಎಂದರು. "ಹಾಡೇ," ಎಂದು ಅಣ್ಣ ತಲೆ ಎತ್ತದೆ ಹೇಳಿದ. "ಹಾಡಿದ್ರೇನೇ ಇಬ್ಬರೂ ಇಳಿಯೋದು." ಅವಳು ಹಾಡಿದಳು. ಒಂದು ಸ್ವರವೂ ಜಾರಲಿಲ್ಲ. ಅದು ಅವಳಿಗೆ ಆಮೇಲೆ ಎಲ್ಲಕ್ಕಿಂತ ಹೆಚ್ಚು ನೋಯಿತು.

ವ್ಯಾನು ಜನರ ನಡುವೆ ಇಂಚಿಂಚೇ ಸರಿಯಿತು. ಹೊರಗಿನಿಂದ ಅಂಗೈಗಳು ತಗಡಿಗೆ ಬಡಿಯುತ್ತಿದ್ದವು, ಮೆಚ್ಚಿಕೆಯಿಂದ.

"ಇನ್ಮೇಲೆ ಈ ಹಾಡು ಹಾಡಲ್ಲ ಅಣ್ಣ."

"ಹಾಡು. ನಿಲ್ಲಿಸಿದ್ರೆ ನಾನೇ ನಿನ್ನ ಬಾಯಿ ಮುಚ್ಚಿಸಿದೆ ಅಂತಾರೆ." ಅವನು ಕಿಟಕಿಯ ಪರದೆಯನ್ನು ಸರಿ ಮಾಡಿದ. "ಮನೆ ಕಡೆ ಮಾತ್ರ ಬರಬೇಡ."

"ಅತ್ತಿಗೆ ಹೇಳಿಕೊಟ್ಟಿದ್ದಾ?"

"ಇಲ್ಲ ಕಣೇ. ಇದು ನನ್ನದೇ ಮಾತು. ನೀನು ಬಂದ್ರೆ ನೋಡೋರು ನೋಡ್ತಾರೆ, ಇನ್ನೊಂದು ಕತೆ ಹುಟ್ಟುತ್ತೆ. ಇನ್ನೊಂದನ್ನ ತಡ್ಕೊಳ್ಳೋ ಶಕ್ತಿ ಆ ಮಗುಗೆ ಇಲ್ಲ."

"ಎಷ್ಟು ದಿನ?"

ಅವನು ಡ್ರೈವರಿಗೆ ನಿಲ್ಲಿಸಲು ಹೇಳಿದ. ಮನೆಯ ಬೀದಿ ಇನ್ನೂ ದೂರವಿತ್ತು. ಅವನು ಬಾಗಿಲು ಸರಿಸಿ ಇಳಿಯುತ್ತಲೇ ಜನ ಗುರುತು ಹಿಡಿದು ದಾರಿ ಬಿಟ್ಟರು. ಒಬ್ಬ ಅವನ ಬೆನ್ನು ತಟ್ಟಿದ. ಇನ್ನೊಬ್ಬಳು, "ಇನ್ನಾದ್ರೂ ಚೆನ್ನಾಗಿ ನೋಡ್ಕೊಳ್ಳಪ್ಪ," ಅಂದಳು. ಅವನು ಹೂಂ ಎಂದ. ವೇದಿಕೆಯ ಮೇಲೆ ತಗ್ಗಿಸಿದ ತಲೆಯನ್ನು ಮೇಲೆತ್ತದೆಯೇ ನಡೆದ. ಎತ್ತಿದ್ದರೆ ಅವರು ಏನೆಂದುಕೊಳ್ಳುತ್ತಿದ್ದರೋ. ಬೀದಿಯ ತಿರುವಿನ ತನಕ ಹಾಗೇ ಹೋದ, ಇಕ್ಕೆಲದಲ್ಲೂ ಜನ ನಿಂತು ನೋಡುತ್ತಿದ್ದರು.